ಪಂಪ್ ಬಿಚ್ಚುವ ಮೊದಲು ಚಕ್ರ ನೋಡಿ

ಪ್ರಶ್ನೆ: ನನ್ನದು 2012ರ ಬೊಲೆರೊ ಪಿಕಪ್. ಊರಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುತ್ತೇನೆ. ಹೋಗಿ ಬರಲು 72 ಕಿಲೋಮೀಟರ್. ಮೊದಲು ಲೀಟರಿಗೆ 13 ಕೊಡುತ್ತಿತ್ತು, ಒಂದು ವರ್ಷದಿಂದ 9 ದಾಟುತ್ತಿಲ್ಲ. ಕಪ್ಪು ಹೊಗೆ ಇಲ್ಲ, ಎಳೆತವೂ ಚೆನ್ನಾಗಿದೆ. ಡೀಸೆಲ್ ಪಂಪು, ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಜಲ್ ಎರಡನ್ನೂ ಬಿಚ್ಚಬೇಕು ಎನ್ನುತ್ತಾರೆ ಮೆಕ್ಯಾನಿಕ್. ಕಳೆದ ಬೇಸಿಗೆಯಲ್ಲಿ ಎಂಜಿನ್ ಬಿಸಿಯಾಗುತ್ತಿದೆ ಎಂದು ರಿಪೇರಿ ಮಾಡಿಸಿದ್ದೆ. ಹಿಂದಿನ ಟೈರುಗಳನ್ನೂ ಸ್ವಲ್ಪ ಎತ್ತರದ ಸೈಜಿಗೆ ಬದಲಾಯಿಸಿದ್ದೇನೆ. ಪಂಪ್ ಮಾಡಿಸಲೇ, ಗಾಡಿ ಮಾರಲೇ?
(ಮುಳಬಾಗಿಲು ತಾಲ್ಲೂಕಿನ ಓದುಗರು)

ಉತ್ತರ: ಎರಡೂ ಈಗ ಬೇಡ. ಹೊಗೆ ಇಲ್ಲ, ಎಳೆತ ಇದೆ ಅಂದ್ರೆ ಪಂಪಿನ ಮೇಲೆ ನನಗೆ ಅನುಮಾನ ಬರುವುದು ಕೊನೆಗೆ. ಆದರೆ ನಿಮ್ಮ ಲೆಕ್ಕ ಚಿಕ್ಕದಲ್ಲ. 13 ಕೊಟ್ಟರೆ ಒಂದು ಓಡಾಟಕ್ಕೆ ಐದೂವರೆ ಲೀಟರ್ ಸಾಕು, 9 ಕೊಟ್ಟರೆ 8 ಲೀಟರ್ ಬೇಕು. ಡೀಸೆಲ್ಲಿಗೆ 90 ರೂಪಾಯಿ ಅಂತ ಹಿಡಿದರೂ 25 ಓಡಾಟಕ್ಕೆ ಐದೂವರೆ ಸಾವಿರ ಸುಮ್ನೆ ಹೋಗುತ್ತಿದೆ. ಟೊಮೆಟೊ ಬಾಕ್ಸಿನ ಬೆಲೆ ಬಿದ್ದ ತಿಂಗಳಲ್ಲಿ ಈ ದುಡ್ಡು ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತು.

ನಿಮ್ಮ ಪತ್ರದಲ್ಲೇ ಎರಡು ಸುಳಿವು ಇವೆ. ಮೊದಲನೆಯದು ಟೈರು. ಕಿಲೋಮೀಟರ್ ಮೀಟರು ಓಡುವುದು ಗೇರ್‌ಬಾಕ್ಸಿನ ಕಡೆಯಿಂದ. ಹಿಂದಿನ ಟೈರು ಎತ್ತರವಾದರೆ ಗಾಡಿ ಜಾಸ್ತಿ ದೂರ ಹೋಗಿದ್ದರೂ ಮೀಟರು ಕಡಿಮೆ ತೋರಿಸುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲು ನೋಡಿಕೊಂಡು 20 ಕಿಲೋಮೀಟರ್ ಓಡಿಸಿ. ಮೀಟರು 19 ತೋರಿಸಿದರೆ ನಿಮ್ಮ 9 ನಿಜಕ್ಕೂ ಒಂಬತ್ತೂವರೆ. ಲೆಕ್ಕ ಹಾಕುವಾಗ ಟ್ಯಾಂಕ್ ಫುಲ್ ಮಾಡಿಸಿ, ನಾಲ್ಕು ದಿನ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ. ಐನೂರು ರೂಪಾಯಿಗೆ ಹಾಕಿಸಿ ಮುಳ್ಳು ನೋಡುವ ಲೆಕ್ಕ ಬೇಡ.

ಎರಡನೆಯ ಸುಳಿವು ಬಿಸಿಯ ರಿಪೇರಿ. ಆಗ ಥರ್ಮೋಸ್ಟಾಟ್ ತೆಗೆದುಬಿಟ್ಟರಾ ಅಂತ ಕೇಳಿ. ಎಷ್ಟೋ ಗ್ಯಾರೇಜುಗಳಲ್ಲಿ ಎಂಜಿನ್ ಬಿಸಿಯಾದರೆ ಮೊದಲು ಕಿತ್ತುಹಾಕುವುದು ಇದನ್ನೇ. ನಾನು ಕೆಲಸ ಕಲಿಯುವಾಗ ನನಗೂ ಹಾಗೆಯೇ ಹೇಳಿಕೊಟ್ಟಿದ್ದರು. ಅದು ತಪ್ಪು ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಎಂಜಿನ್ ನೀರು ಸುಮಾರು 80 ಡಿಗ್ರಿ ಮುಟ್ಟುವ ತನಕ ಆ ಪುಟ್ಟ ವಾಲ್ವು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಅದಿಲ್ಲದಿದ್ದರೆ ಎಂಜಿನ್ ತಣ್ಣಗೇ ಓಡುತ್ತದೆ. ಆಯಿಲ್ ದಪ್ಪಗೇ ಉಳಿಯುತ್ತದೆ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಒಳಗೆ ಸವೆತವೂ ಜಾಸ್ತಿ. ಬೆಳಗಿನ ಜಾವ ಮೂರು ಗಂಟೆಗೆ ಚಳಿಯಲ್ಲಿ ಮಾರ್ಕೆಟ್ಟಿಗೆ ಹೊರಡುವ ಗಾಡಿಗೆ ಇದರಿಂದ ಹೊಡೆತ ಇನ್ನೂ ಹೆಚ್ಚು. ಅರ್ಧ ಗಂಟೆ ಓಡಿಸಿದ ಮೇಲೂ ಟೆಂಪರೇಚರ್ ಮುಳ್ಳು ಕೆಳಗೇ ಇದ್ದರೆ ಹೊಸದು ಹಾಕಿಸಿ. ಪಂಪ್ ಕೆಲಸದ ಮುಂದೆ ಅದರ ಖರ್ಚು ಏನೂ ಅಲ್ಲ. ಆದರೆ ಹಾಕಿಸುವ ಮೊದಲು ಆಗ ಬಿಸಿಯಾಗಿದ್ದೇಕೆ ಅಂತ ನೋಡಲೇಬೇಕು. ರೇಡಿಯೇಟರಿನ ಸಂದಿಯಲ್ಲಿ ಮಣ್ಣು, ಹುಳ ತುಂಬಿರುತ್ತದೆ. ಫ್ಯಾನ್ ಬೆಲ್ಟ್ ಸಡಿಲವಾಗಿರುತ್ತದೆ. ಅದನ್ನು ಸರಿಮಾಡದೆ ಥರ್ಮೋಸ್ಟಾಟ್ ಹಾಕಿದರೆ ಗಾಡಿ ಮತ್ತೆ ಬಿಸಿಯಾಗುತ್ತದೆ, ಮತ್ತೆ ಕಿತ್ತುಹಾಕುತ್ತಾರೆ.

ಇನ್ನು ಬ್ರೇಕು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಯಾಕೆಂದರೆ ಕಣ್ಣಾರೆ ಕಂಡಿದ್ದೇನೆ. ತಿಪಟೂರಿಗೆ ಕೊಬ್ಬರಿ ತರುವ ಒಬ್ಬರು ಎರಡು ಸಲ ನಾಜಲ್ ಮಾಡಿಸಿಯೂ ಮೈಲೇಜ್ ಬರದೆ ಸೋತು ನನ್ನ ಹತ್ತಿರ ಬಂದಿದ್ದರು. ಗಾಡಿ ನಿಲ್ಲಿಸಿದ ತಕ್ಷಣ ಹಿಂದಿನ ಎಡ ಚಕ್ರದ ಡ್ರಮ್ಮಿಗೆ ನಾಲ್ಕು ಹನಿ ನೀರು ಹಾಕಿದೆ. ಚುಂಯ್ ಅಂತ ಹಾರಿಹೋಯಿತು. ಬಲ ಚಕ್ರದಲ್ಲಿ ನೀರು ಹಾಗೇ ಇಳಿಯಿತು. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಎಡಗಡೆ ವಾಪಸ್ ಬರುತ್ತಿರಲಿಲ್ಲ. ಆ ಮನುಷ್ಯ ತಿಂಗಳುಗಟ್ಟಲೆ ಬ್ರೇಕ್ ಹಿಡಿದುಕೊಂಡೇ ಗಾಡಿ ಓಡಿಸಿದ್ದರು. ಎಷ್ಟು ದುಡ್ಡು ಸುಟ್ಟುಹೋಯಿತು ನೋಡಿ ಅಂತ ಅವರ ಕಣ್ಣಲ್ಲಿ ನೀರು ಬಂತು.

ನೀವೂ ಹೀಗೆ ಮಾಡಿ. ಹತ್ತು ಕಿಲೋಮೀಟರ್ ಓಡಿಸಿ, ಕೊನೆಗೆ ಜೋರಾಗಿ ಬ್ರೇಕ್ ಹಾಕದೆ ನಿಲ್ಲಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ನೀರಿನ ಹನಿಯಲ್ಲೇ ಎಡಕ್ಕೂ ಬಲಕ್ಕೂ ಹೋಲಿಸಿ. ಒಂದು ಕಡೆ ಮಾತ್ರ ಕುದಿಯುತ್ತಿದ್ದರೆ ಅಲ್ಲಿ ಬ್ರೇಕೋ ಬೇರಿಂಗೋ ಹಿಡಿದಿದೆ. ಜಾಕ್ ಹಾಕಿ ಚಕ್ರ ತಿರುಗಿಸಿ ನೋಡುವುದಾದರೆ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟೇ ಹ್ಯಾಂಡ್‌ಬ್ರೇಕ್ ಬಿಡಿ.

ಏರ್ ಫಿಲ್ಟರ್ ಬದಲಿಸಿ, ಟರ್ಬೊ ಪೈಪಿನ ಕ್ಲಾಂಪ್ ಬಿಗಿ ಮಾಡಿಸಿ. ಟೈರಿನ ಗಾಳಿಯನ್ನು ಹೊರಡುವ ಮೊದಲು, ತಣ್ಣಗಿರುವಾಗ ನೋಡಿ.

ಓಡಿಸುವ ವಿಷಯಕ್ಕೆ ಬಂದರೆ, ಬಾಕ್ಸುಗಳನ್ನು ಕ್ಯಾಬಿನ್ನಿಗಿಂತ ಮೇಲೆ ಪೇರಿಸಿದ ಪಿಕಪ್ಪಿಗೆ ಗಾಳಿಯೇ ದೊಡ್ಡ ಭಾರ. 60ರಿಂದ 80ಕ್ಕೆ ಏರಿದರೆ ಗಾಳಿಯ ತಡೆ ಮುಕ್ಕಾಲು ಪಾಲಿನಷ್ಟು ಹೆಚ್ಚುತ್ತದೆ. ಹರಾಜಿಗೆ ತಡವಾಗುತ್ತೆ ಅನ್ನುವ ಆತುರ ನನಗೆ ಅರ್ಥವಾಗುತ್ತದೆ. ಆದರೆ 36 ಕಿಲೋಮೀಟರಿಗೆ 80ರಲ್ಲಿ ಹೋದರೂ 60ರಲ್ಲಿ ಹೋದರೂ ವ್ಯತ್ಯಾಸ ಒಂಬತ್ತು ನಿಮಿಷ. ಹತ್ತು ನಿಮಿಷ ಮುಂಚೆ ಹೊರಡಿ. ಬರುವಾಗ ಖಾಲಿ ಗಾಡಿಯ ಟಾರ್ಪಾಲು ಪಟಪಟ ಹೊಡೆಯದಂತೆ ಮಡಚಿ ಕಟ್ಟಿ.

ಇಷ್ಟೆಲ್ಲ ಮಾಡಿಯೂ ಹತ್ತು ದಾಟದಿದ್ದರೆ ಆಗ ನಾಜಲ್ ಟೆಸ್ಟ್ ಮಾಡಿಸಿ. ಮೊದಲು ಟೆಸ್ಟ್ ಮಾತ್ರ. ರಿಪೋರ್ಟ್ ನೋಡಿ ಆಮೇಲೆ ಪಂಪಿನ ಮಾತು.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಅಲ್ವಾ? ನಾನು ಶಿರಾಡಿ ಘಾಟಿಯಲ್ಲಿ ಅಡಿಕೆ ಲೋಡು ಇಳಿಸುತ್ತೇನೆ.
(ಸಕಲೇಶಪುರದ ಓದುಗರು)

ಉತ್ತರ: ಉಳಿಯುವುದಿಲ್ಲ, ದಯವಿಟ್ಟು ಇವತ್ತೇ ನಿಲ್ಲಿಸಿ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಡೀಸೆಲ್ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಡೀಸೆಲ್ ಹರಿಯುತ್ತಲೇ ಇರಬೇಕು. ಅದಕ್ಕಿಂತ ಮುಖ್ಯ, ಲೋಡಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬಿಸಿಯಾದ ಬ್ರೇಕು ತಿರುವಿನಲ್ಲಿ ಕೈಕೊಟ್ಟರೆ ಗಾಡಿ ನಿಲ್ಲುವುದಿಲ್ಲ. ಘಾಟಿ ಶುರುವಾಗುವ ಮೊದಲೇ ಮೂರನೇ ಗೇರಿಗೆ ಬನ್ನಿ, ಕಡಿದಾದ ಕಡೆ ಎರಡಕ್ಕೆ.