ಚಿಕ್ಕಂದಿನಿಂದ ಮಾಚು ಪಿಚು ನೋಡುವ ಆಸೆ. ಈಗ ಹೋದರೆ ನಿರಾಸೆ ಆಗುತ್ತಾ?

ನೀವು ಕೇಳಿದ್ದು ಇಷ್ಟು: ಫೋಟೋದಲ್ಲಿ ಸಾವಿರ ಸಲ ನೋಡಿಬಿಟ್ಟಿದ್ದೇನೆ, ಅಷ್ಟೊಂದು ದುಡ್ಡು ಸುರಿದು ಪೆರುವಿಗೆ ಹೋಗಿ, ಜನಜಂಗುಳಿಯಲ್ಲಿ ಮತ್ತೆ ಅದನ್ನೇ ನೋಡಿ ಬರುವುದರಲ್ಲಿ ಏನಿದೆ? ನಾನು 2024ರ ಅಕ್ಟೋಬರ್‌ನಲ್ಲಿ ಹೋಗಿಬಂದೆ. ನಿರಾಸೆ ಆಯಿತು. ಆದರೆ ನೀವು ಹೆದರಿರುವ ಕಾರಣಕ್ಕಲ್ಲ. ಉತ್ತರ ಸ್ವಲ್ಪ ಉದ್ದ ಇದೆ.

ನನ್ನ ಹುಚ್ಚು ಶುರುವಾಗಿದ್ದು ಐದನೇ ಕ್ಲಾಸಿನ ಗಣಿತದ ನೋಟ್‌ಬುಕ್ಕಿನಿಂದ. ಅಕ್ಕ ಹಳೇ ಮ್ಯಾಗಜಿನ್ ಹಾಳೆ ಹರಿದು ಅದಕ್ಕೆ ಬೈಂಡ್ ಹಾಕಿಕೊಟ್ಟಿದ್ದಳು. ಹಸಿರು ಬೆಟ್ಟ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲ, ಸೂರಿಲ್ಲದ ಕಲ್ಲಿನ ಮನೆಗಳು. ಕೆಳಗೆ ಒಂದು ಸಾಲು: ಇಂಕಾ ಜನರ ಕಳೆದುಹೋದ ನಗರ. ಇಂಕಾ ಅಂದರೆ ಸ್ಪೇನಿನವರು ಬರುವ ಮೊದಲು ಪೆರುವಿನ ಕಡೆ ಆಳಿದವರು. ಹೆಸರು ಬರೆಯುವ ಲೇಬಲ್ಲನ್ನು ಅಕ್ಕ ಅಂಟಿಸಿದ್ದು ಸರಿಯಾಗಿ ಹಿಂದಿನ ಶಿಖರದ ಮೇಲೆ. ಆ ಮನೆಗಳ ಹಿಂದೆ ಏನಿದೆ ಅಂತ ವರ್ಷವಿಡೀ ನನಗೆ ಗೊತ್ತೇ ಆಗಲಿಲ್ಲ. ಲೇಬಲ್ ಕೀಳಲು ಹೋಗಿ ಬೈಂಡ್ ಹರಿದು ಬೈಸಿಕೊಂಡೆ. ಅದಕ್ಕಿಂತ ತಲೆ ಕೊರೆದದ್ದು ಆ ಸಾಲು. ಇಡೀ ನಗರ ಹೇಗೆ ಕಳೆದುಹೋಗುತ್ತೆ? ಒಂದು ಪೆನ್ಸಿಲ್ ಕಳೆದದ್ದಕ್ಕೇ ಏಟು ತಿಂದವನಿಗೆ ಅದು ಸಣ್ಣ ಪ್ರಶ್ನೆಯಾಗಿರಲಿಲ್ಲ.

ಮೂವತ್ತು ಚಿಲ್ಲರೆ ವರ್ಷ ಆದ ಮೇಲೆ ಪೆರುವಿನ ಕುಸ್ಕೊ ನಗರದಲ್ಲಿ ಇಳಿದೆ. ಇಳಿದ ಎರಡೇ ಗಂಟೆಗೆ ಎತ್ತರದ ತೆಳು ಗಾಳಿಗೆ ತಲೆ ಸಿಡಿಯತೊಡಗಿತು. ಎಲ್ಲರೂ ಮಾಚು ಪಿಚು ಎತ್ತರದ ಜಾಗ ಅಂದುಕೊಂಡಿರುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಅದು ಇರುವುದು 2,430 ಮೀಟರ್‌ನಲ್ಲಿ. ಕುಸ್ಕೊ ಇರುವುದು ಸುಮಾರು 3,400ರಲ್ಲಿ. ಅಂದರೆ ಬೆಟ್ಟದ ಮೇಲಿನ ಊರು ನೋಡಲು ನೀವು ಸಾವಿರ ಮೀಟರ್ ಕೆಳಗೆ ಇಳಿಯಬೇಕು! ಹೋಟೆಲಿನವರು ಕೋಕಾ ಎಲೆ ಹಾಕಿದ ಬಿಸಿ ಕಷಾಯ ಕೊಟ್ಟರು. ಒಣ ಹುಲ್ಲಿನ ರುಚಿ. ಅದರಿಂದ ತಲೆನೋವು ಹೋಯಿತೋ, ಸುಮ್ನೆ ಮಲಗಿದ್ದರಿಂದ ಹೋಯಿತೋ ಹೇಳಲಾರೆ. ನೀವು ಜಾಣರಾಗಿ. ಕುಸ್ಕೊದಲ್ಲಿ ಇಳಿದವರೇ ಕೆಳಗಿನ ಉರುಬಾಂಬಾ ಕಣಿವೆಗೆ ಹೋಗಿ ಎರಡು ರಾತ್ರಿ ಕಳೆಯಿರಿ, ಕುಸ್ಕೊ ನಗರವನ್ನು ಕೊನೆಗೆ ಇಟ್ಟುಕೊಳ್ಳಿ.

ನಾಲ್ಕು ದಿನ ನಡೆದು ಹೋಗುವ ಇಂಕಾ ದಾರಿಯೂ ಇದೆ. 4,200 ಮೀಟರ್ ಎತ್ತರದ ಘಟ್ಟ ದಾಟಬೇಕು, ದಿನಕ್ಕೆ ಹೊರೆಯಾಳುಗಳೂ ಗೈಡ್‌ಗಳೂ ಸೇರಿ 500 ಜನಕ್ಕೆ ಮಾತ್ರ ಪರವಾನಗಿ, ಫೆಬ್ರವರಿಯಲ್ಲಿ ಪೂರ್ತಿ ಬಂದ್. ನನ್ನ ಮೊಣಕಾಲು ಕೈಮುಗಿಯಿತು. ಓಯಾಂತಾಯ್‌ತಾಂಬೊ ಊರಿನಿಂದ ರೈಲು ಹತ್ತಿದೆ. ನದಿಯ ಪಕ್ಕಪಕ್ಕದಲ್ಲೇ ಹೋಗುವ ರೈಲು. ಒಣಗಿದ ಕಂದು ಬೆಟ್ಟಗಳು ನೋಡನೋಡುತ್ತಲೇ ದಟ್ಟ ಕಾಡಾಗುತ್ತವೆ. ಬೆಟ್ಟದ ಬುಡದ ಊರು ಆಗ್ವಾಸ್ ಕಾಲಿಯೆಂತೆಸ್, ಸ್ಪ್ಯಾನಿಷ್‌ನಲ್ಲಿ 'ಬಿಸಿನೀರು'. ಊರಿನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಈಗ ನಿರಾಸೆಯ ವಿಷಯ. 2024ರ ಜೂನ್‌ನಿಂದ ಅಲ್ಲಿ ಹೊಸ ನಿಯಮ. ಒಳಗೆ ಮೂರು ಸರ್ಕ್ಯೂಟ್, ಅಂದರೆ ಮೂರು ಬೇರೆ ಬೇರೆ ಸುತ್ತು. ನಿಮ್ಮ ಟಿಕೆಟ್ ಯಾವ ಸುತ್ತಿನದ್ದೋ ಅದರಲ್ಲೇ ನಡೆಯಬೇಕು, ಒಂದೇ ದಿಕ್ಕಿನಲ್ಲಿ. ಹಿಂದೆ ತಿರುಗುವಂತಿಲ್ಲ, ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಒಂದನೆಯದು ಎತ್ತರದಲ್ಲಿ ಹೋಗುತ್ತದೆ, ಪೋಸ್ಟ್‌ಕಾರ್ಡ್ ನೋಟ ಸಿಗುವುದು ಅಲ್ಲಿಂದ. ಆದರೆ ಮನೆಗಳ ನಡುವೆ ಹೋಗುವುದಿಲ್ಲ. ಮೂರನೆಯದು ಕೆಳಗಿನ ಭಾಗದಲ್ಲೇ ಸುತ್ತುತ್ತದೆ. ಎರಡನೆಯದರಲ್ಲಿ ಎರಡೂ ಸಿಗುತ್ತವೆ, ಅದಕ್ಕೇ ಅದು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ. ನನಗೆ ಟಿಕೆಟ್ ತೆಗೆಸಿಕೊಟ್ಟ ಏಜೆಂಟ್ ಇದನ್ನೆಲ್ಲ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೇಟಿನ ಹತ್ತಿರ ಟಿಕೆಟ್ ನೋಡಿದ ಗೈಡ್, "ನಿಮ್ಮದು ಮೂರನೆಯದು, ಆ ಫೋಟೋ ಜಾಗಕ್ಕೆ ಹೋಗಲ್ಲ" ಅಂದರು. ಅವತ್ತೇ ಆಕಾಶ ತೊಳೆದಿಟ್ಟ ಹಾಗಿತ್ತು. ಮೂವತ್ತು ವರ್ಷ ಕಾದು, ಅರ್ಧ ಭೂಮಿ ಸುತ್ತಿ ಬಂದವನಿಗೆ ತಪ್ಪು ಚೀಟಿ. ಅಳು ಬರುವುದೊಂದು ಬಾಕಿ.

ಗೈಡ್ ಮಧ್ಯವಯಸ್ಸಿನ ಹೆಂಗಸು, ಮನೆಮಾತು ಕೆಚುವಾ, ಇಂಕಾಗಳ ಭಾಷೆ. ಮೊದಲು ನನ್ನ ಉಚ್ಚಾರಣೆ ತಿದ್ದಿದರು. ಪಿಚು ಅಲ್ಲ, ಪಿಕ್ಚು. ನಡುವೆ ಒಂದು 'ಕ್' ಇದೆ. ಮಾಚು ಅಂದರೆ ಹಳೆಯ, ಪಿಕ್ಚು ಅಂದರೆ ಶಿಖರ. ಹಿಂದೆ ನಿಂತಿರುವ ಚೂಪು ಬೆಟ್ಟ ವಾಯ್ನಾ ಪಿಕ್ಚು, ಎಳೆಯ ಶಿಖರ. ಊರಿನ ನಿಜವಾದ ಹೆಸರು ಬಹುಶಃ ಈ ಎಳೆಯ ಶಿಖರದ್ದೇ ಇತ್ತು ಅಂತ ಹಳೇ ದಾಖಲೆಗಳನ್ನು ಜಾಲಾಡಿದ ಸಂಶೋಧಕರು ಈಚೆಗೆ ಬರೆದಿದ್ದಾರಂತೆ. ಅಕ್ಕನ ಲೇಬಲ್ ಮುಚ್ಚಿದ್ದು ಇದನ್ನೇ!

ಅವರು ತಿದ್ದಿದ ಎರಡನೆಯ ವಿಷಯ ನನ್ನ ನೋಟ್‌ಬುಕ್ಕಿನ ಸಾಲು. ಕಳೆದುಹೋಗಿದ್ದು ಯಾರಿಗೆ ಅಂತ ಕೇಳಿದರು. ಇದನ್ನು ಕಂಡುಹಿಡಿದವನೆಂದು ಹೆಸರಾದ ಅಮೆರಿಕದ ಹೈರಮ್ ಬಿಂಗ್ಹ್ಯಾಮ್ 1911ರ ಜುಲೈ 24ರಂದು ಇಲ್ಲಿಗೆ ಬಂದದ್ದು ನಿಜ. ಆದರೆ ಬಂದದ್ದು ಹೇಗೆ? ಕಣಿವೆಯ ರೈತ ಮೆಲ್ಚೋರ್ ಆರ್ತೆಯಾಗಾ ಒಂದು ಸೋಲ್ (ಪೆರುವಿನ ನಾಣ್ಯ) ಕೂಲಿಗೆ ದಾರಿ ತೋರಿಸಿದ. ಮೇಲೆ ಹತ್ತಿ ನೋಡಿದರೆ ರೈತ ಕುಟುಂಬಗಳು ಅಲ್ಲೇ ಮನೆ ಮಾಡಿಕೊಂಡು, ಇಂಕಾಗಳ ಹೊಲದಲ್ಲೇ ಬೆಳೆ ತೆಗೆಯುತ್ತಿದ್ದವು. ಕೊನೆಯ ದಾರಿ ತೋರಿಸಿದ್ದು ಒಬ್ಬ ಪುಟ್ಟ ಹುಡುಗ. ಅಷ್ಟೇ ಅಲ್ಲ, ಅಲ್ಲಿನ ಒಂದು ಗೋಡೆಯ ಮೇಲೆ ಆಗಲೇ ಇದ್ದಿಲಿನಲ್ಲಿ ಬರೆದ ಹೆಸರಿತ್ತು: ಲಿಸಾರಾಗಾ, 1902. ಅದೂ ಅಲ್ಲಿಯ ರೈತನದ್ದೇ. ಇನ್ನೂ ತಮಾಷೆ ಎಂದರೆ ಬಿಂಗ್ಹ್ಯಾಮ್ ಹುಡುಕುತ್ತಿದ್ದದ್ದು ವಿಲ್ಕಬಾಂಬಾ ಅನ್ನುವ ಇಂಕಾಗಳ ಕೊನೆಯ ರಾಜಧಾನಿಯನ್ನು. ಇದೇ ಅದು ಅಂತ ಕೊನೆತನಕ ನಂಬಿದ್ದ. ನಿಜವಾದ ವಿಲ್ಕಬಾಂಬಾ ಕಾಡಿನೊಳಗೆ ಬೇರೆಲ್ಲೋ ಇತ್ತು, ಅದೇ ವರ್ಷ ಅದರ ಅವಶೇಷಗಳನ್ನೂ ನೋಡಿ ಇದಲ್ಲ ಅಂತ ವಾಪಸ್ ಬಂದಿದ್ದ. ಅವನ ತಂಡ ಇಲ್ಲಿಂದ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಒಯ್ದ ವಸ್ತುಗಳು ಪೆರುವಿಗೆ ಮರಳಿದ್ದು ನೂರು ವರ್ಷದ ನಂತರ, 2011 ಮತ್ತು 2012ರಲ್ಲಿ. ಈಗ ಕುಸ್ಕೊದ ಕಾಸಾ ಕೊಂಚಾ ಮ್ಯೂಸಿಯಂನಲ್ಲಿವೆ. ಅದನ್ನು ತಪ್ಪಿಸಬೇಡಿ.

ನಗರ ಅನ್ನುವುದೂ ಪೂರ್ತಿ ಸರಿಯಲ್ಲ. ಇದು ಪಚಕುಟಿ ಅನ್ನುವ ದೊರೆಯ ಖಾಸಗಿ ಬೀಡು. ಹದಿನೈದನೇ ಶತಮಾನದಲ್ಲಿ ಕಟ್ಟಿಸಿದ್ದು, ತುಂಬಿದಾಗಲೂ ಏಳೆಂಟು ನೂರು ಜನ. ಅಲ್ಲಿಯ ಸಮಾಧಿಗಳಲ್ಲಿ ಸಿಕ್ಕ ಮೂಳೆಗಳ ಡಿಎನ್‌ಎ ಅಧ್ಯಯನ 2023ರಲ್ಲಿ ಬಂತು. ದೊರೆಯ ಸೇವೆಗೆ ಇದ್ದವರು ಅಮೆಜಾನ್ ಕಾಡು ಸೇರಿದಂತೆ ಸಾಮ್ರಾಜ್ಯದ ಮೂಲೆಮೂಲೆಯವರು. ಯಾರದೋ ಬೇಸಿಗೆಯ ಮನೆಗಾಗಿ ಎಲ್ಲೆಲ್ಲಿಂದಲೋ ಎತ್ತಿ ತಂದ ಜನ. ಐದನೇ ಕ್ಲಾಸಿನಲ್ಲಿ ಆ ಮನೆಗಳಲ್ಲಿ ಯಾರಿದ್ದರು ಅಂತ ಊಹಿಸುವಾಗ ನನಗೆ ಬರೀ ರಾಜರೇ ಕಂಡಿದ್ದರು, ಆಳುಗಳು ಕಂಡಿರಲಿಲ್ಲ.

ಹೀಗೆ ಮಾತಾಡುತ್ತಾ ಸೂರ್ಯ ದೇಗುಲದ ಹತ್ತಿರ ಬಂದೆವು. ಬಂಡೆಯ ಮೇಲೇ ಎದ್ದ ಬಾಗಿದ ಗೋಡೆ. ಜೂನ್ ತಿಂಗಳ ಅತಿ ಚಿಕ್ಕ ಹಗಲಿನಂದು (ಭೂಮಧ್ಯರೇಖೆಯ ದಕ್ಷಿಣಕ್ಕೆ ಜೂನ್ ಚಳಿಗಾಲ) ಬೆಳಗಿನ ಬಿಸಿಲು ಅದರ ಕಿಟಕಿಯಿಂದ ನೇರ ಒಳಗೆ ಬೀಳುತ್ತದೆ. ಗಾರೆ ಇಲ್ಲ, ಕಲ್ಲಿಗೆ ಕಲ್ಲು ಕಚ್ಚಿ ಕೂತಿದೆ. ಬಾಗಿಲುಗಳೆಲ್ಲ ಕೆಳಗೆ ಅಗಲ, ಮೇಲೆ ಕಿರಿದು. ಗೋಡೆಗಳು ಒಳಮುಖವಾಗಿ ಒಂಚೂರು ವಾಲಿವೆ. ಭೂಕಂಪ ಬಂದಾಗ ಕಲ್ಲುಗಳು ಕುಣಿದು ಮತ್ತೆ ತಮ್ಮ ಜಾಗಕ್ಕೇ ಕೂರುತ್ತವೆ ಅಂದರು ಗೈಡ್. ಕಟ್ಟಿದವರ ಹತ್ತಿರ ಕಬ್ಬಿಣ ಇರಲಿಲ್ಲ, ಗಾಡಿಯೂ ಇರಲಿಲ್ಲ. ಗ್ರಾನೈಟ್ ಮಾತ್ರ ಆ ಬೆಟ್ಟದಲ್ಲೇ ಬೇಕಾದಷ್ಟಿತ್ತು. ಬೆಟ್ಟದ ಒಳಗೆ ಬಿರುಕುಗಳು ಒಂದನ್ನೊಂದು ದಾಟುವ ಜಾಗ ಅದು, ಬಂಡೆ ಮೊದಲೇ ಒಡೆದು ಕೊಟ್ಟ ಹಾಗಿತ್ತು ಅಂತ ಬ್ರೆಜಿಲ್‌ನ ಭೂವಿಜ್ಞಾನಿಯೊಬ್ಬರು 2019ರಲ್ಲಿ ಹೇಳಿದ್ದಾರೆ.

ಆಗ ನೀರಿನ ಸದ್ದು ಕೇಳಿಸಿತು.

ಈ ಸದ್ದು ಯಾವ ಫೋಟೋದಲ್ಲೂ ಇಲ್ಲವಲ್ಲ. ಮೆಟ್ಟಿಲ ಪಕ್ಕದಲ್ಲಿ ಒಂದರ ಕೆಳಗೊಂದು ಕಲ್ಲಿನ ದೋಣಿಗಳು, ಒಟ್ಟು 16. ಮೇಲಿನದರಿಂದ ಕೆಳಗಿನದಕ್ಕೆ ನೀರು ಸಣ್ಣ ಧಾರೆಯಾಗಿ ಬೀಳುತ್ತದೆ. ಬೆಟ್ಟದ ಬದಿಯಲ್ಲಿ ಒಂದು ಬುಗ್ಗೆ ಇದೆ. ಅಲ್ಲಿಂದ 749 ಮೀಟರ್ ಉದ್ದಕ್ಕೆ ಒಂದು ಗೇಣಿಗಿಂತಲೂ ಕಿರಿದಾದ ಕಲ್ಲಿನ ಕಾಲುವೆ ಮಾಡಿ ನೀರನ್ನು ಇಳಿಜಾರಿನಲ್ಲೇ ತಂದಿದ್ದಾರೆ. ಮೊದಲ ದೋಣಿ ದೊರೆಯ ಮನೆ ಪಕ್ಕ. ಅವನು ತುಂಬಿಕೊಂಡ ಮೇಲೆ ಉಳಿದವರಿಗೆ. ಧಾರೆ ಗೋಡೆಗೆ ಅಂಟಿ ಹರಿಯದೆ ಮುಂದಕ್ಕೆ ಚಿಮ್ಮುವಂತೆ ಕಲ್ಲಿನ ತುಟಿ ಕೆತ್ತಿದ್ದಾರೆ, ಕೊಡದ ಬಾಯಿಗೆ ಸರಿಯಾಗಿ ಬೀಳಲಿ ಅಂತ. ದೇಗುಲ, ಸೂರ್ಯ, ದೊರೆ ಎಲ್ಲ ಸರಿ. ಆದರೆ ಕೊಡ ತುಂಬುವವರ ಕಷ್ಟ ನೆನೆದು ಕಲ್ಲು ಕೆತ್ತಿದ ಆ ಕೈ ಯಾರದು? ಇನ್ನೂ ಹರಿಯುತ್ತಿದೆ ಆ ನೀರು. ನಾನು ಅಲ್ಲಿಂದ ಏಳಲೇ ಇಲ್ಲ. ಹಿಂದಿನ ಗುಂಪಿಗೆ ದಾರಿ ಬಿಡಿ ಅಂತ ಕಾವಲಿನವರು ಪೀಪಿ ಊದಿದ ಮೇಲೆ ಎದ್ದೆ.

ಕಾಣದೆ ಇರುವುದು ಇನ್ನೂ ಜಾಸ್ತಿ ಅಂದರು ಗೈಡ್. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಸುರಿಯುವ ಕಡಿದಾದ ಬೆಟ್ಟ. ಸುಮ್ನೆ ಮನೆ ಕಟ್ಟಿದ್ದರೆ ಐದಾರು ಮಳೆಗಾಲಕ್ಕೆ ಎಲ್ಲ ನದಿಗೆ ಜಾರುತ್ತಿತ್ತು. ಆ ಮೆಟ್ಟಿಲು ಹೊಲಗಳನ್ನು ಅಗೆದು ನೋಡಿದಾಗ ಮೇಲೆ ಒಳ್ಳೆ ಮಣ್ಣು, ಅದರ ಕೆಳಗೆ ಮರಳು ಮತ್ತು ಜಲ್ಲಿ, ಅದರ ಕೆಳಗೆ ದಪ್ಪ ಕಲ್ಲು ಸಿಕ್ಕವು. ಮಳೆ ನೀರು ನಿಲ್ಲದೆ ಇಂಗಿ ಇಳಿಯಬೇಕು, ಅಷ್ಟೇ. ಅಲ್ಲಿಯ ನೀರಿನ ವ್ಯವಸ್ಥೆ ಅಳೆದ ಇಂಜಿನಿಯರ್‌ಗಳ ಅಂದಾಜಿನಂತೆ ಕಟ್ಟುವ ಶ್ರಮದಲ್ಲಿ ಶೇಕಡ 60ರಷ್ಟು ನೆಲದ ಒಳಗೇ ಇದೆ. ಯಾವ ಕ್ಯಾಮೆರಾಗೂ ಸಿಗದ ಅರವತ್ತು. ಸುತ್ತಿನ ಕೊನೆಗೆ ವಾಯ್ನಾ ಪಿಕ್ಚು ಬುಡಕ್ಕೇ ಬಂದೆವು. ಎಷ್ಟು ಹತ್ತಿರ ಅಂದರೆ ಕತ್ತು ಹಿಂದಕ್ಕೆ ಬಾಗಿಸಿದರೂ ತುದಿ ಕಣ್ಣಿಗೆ ಪೂರ್ತಿ ಸಿಗಲಿಲ್ಲ.

ಇಷ್ಟಾದರೂ, ಸುಳ್ಳು ಯಾಕೆ ಹೇಳಲಿ, ಆ ಫೋಟೋ ಜಾಗ ಬಿಟ್ಟು ಬರಲು ಮನಸ್ಸು ಒಪ್ಪಲಿಲ್ಲ. ಕೆಳಗಿನ ಊರಿನಲ್ಲಿ ಮರುದಿನಕ್ಕೆ ಅಂತ ದಿನಕ್ಕೆ 1,000 ಟಿಕೆಟ್ ನೇರವಾಗಿ ಮಾರುತ್ತಾರೆ. ಪಾಸ್‌ಪೋರ್ಟ್ ಹಿಡಿದು ನಿಂತೆ. ಮೊದಲು ಸರದಿಯ ನಂಬರ್ ಚೀಟಿ, ಆಮೇಲೆ ಟಿಕೆಟ್. ಒಂದನೇ ಸುತ್ತು ಸಿಕ್ಕಿತು, ಮತ್ತೆ 152 ಸೋಲ್. ಇದನ್ನು ನಂಬಿಕೊಂಡು ಹೋಗಬೇಡಿ, ಬೇಕಾದ ಸುತ್ತು ಸಿಗುತ್ತದೆಂಬ ಖಾತ್ರಿ ಇಲ್ಲ. ತಿಂಗಳುಗಳ ಮೊದಲೇ ಎರಡನೇ ಸುತ್ತನ್ನು ಕಾಯ್ದಿರಿಸಿ, ಆದರೆ ಆ ಊರಿನಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ. ಹಾಂ, ಒಳಗೆ ಶೌಚಾಲಯ ಇಲ್ಲ. ಗೇಟಿನ ಹೊರಗೇ ಮುಗಿಸಿಕೊಂಡು ಹೋಗಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿನ ಕಿಟಕಿಯಾಚೆ ಬರೀ ಬಿಳಿ. ಮೇಲಿನ ಹೊಲದಂಚಿಗೆ ಹತ್ತಿ ನಿಂತರೆ ಐವತ್ತು ಅಡಿ ಆಚೆ ಏನೂ ಇಲ್ಲ. ನೂರಾರು ಜನ ಮಂಜಿನ ಕಡೆ ಮುಖ ಮಾಡಿ ಸುಮ್ಮನೆ ನಿಂತಿದ್ದರು, ಪರದೆ ಏಳುವುದಕ್ಕೆ ಕಾಯುವವರ ಹಾಗೆ. ಒಂದು ಲಾಮಾ ಮಾತ್ರ ತನ್ನ ಪಾಡಿಗೆ ಹುಲ್ಲು ಮೇಯುತ್ತಿತ್ತು. ಒಂದು ಗಂಟೆ ಕಳೆಯಿತು. ಆಮೇಲೆ ಕೆಳಗಿನಿಂದ ಗಾಳಿ ಬೀಸಿತು. ಮೊದಲು ಹೊಲದ ಅಂಚುಗಳು ಬಂದವು. ಆಮೇಲೆ ಒಂದು ಗೋಡೆ, ಹತ್ತು ಗೋಡೆ, ನಡುವಿನ ಹಸಿರು ಬಯಲು. ನೋಟ್‌ಬುಕ್ಕಿನ ಹಾಳೆ ಇದ್ದದ್ದು ಇದ್ದ ಹಾಗೇ. ಸೂರ್ಯ ದೇಗುಲ ಎಲ್ಲಿ ಅಂತ ಕಣ್ಣಲ್ಲೇ ಹುಡುಕಿ, ಅದರ ಪಕ್ಕದ ಮೆಟ್ಟಿಲ ಸಾಲು ಹಿಡಿದೆ. ನೀರು ಕಾಣುವಷ್ಟು ಹತ್ತಿರ ಅಲ್ಲ. ಅಲ್ಲಿದೆ ಅಂತ ನನಗೆ ಗೊತ್ತಿತ್ತು, ಪಕ್ಕದವರಿಗೆ ಗೊತ್ತಿರಲಿಲ್ಲ. ಏನೋ ಒಂದು ಜಂಬ.

ಹಿಂದಿನ ಶಿಖರ ಮಾತ್ರ ಬಿಡಲೇ ಇಲ್ಲ. ಎಲ್ಲ ತೆರೆದುಕೊಂಡರೂ ಅಲ್ಲೊಂದು ಚೌಕದಷ್ಟು ಮಂಜು ಹಾಗೇ ಕೂತಿತ್ತು. ಇನ್ನೊಂದು ಅರ್ಧ ಗಂಟೆ ಕಾದೆ. ಮುಂದೆ ನಡೆಯಿರಿ ಅಂದರು. ಒಂದು ಫೋಟೋ ತೆಗೆದು ಅಕ್ಕನಿಗೆ ಕಳಿಸಿ, ಇಳಿಯತೊಡಗಿದೆ. ಸಿಗ್ನಲ್ ಸಿಗುವ ಹೊತ್ತಿಗೆ ಬಸ್ಸು ಅರ್ಧ ದಾರಿ ಇಳಿದಿತ್ತು. ಅಕ್ಕನ ಉತ್ತರ ಬಂದಿತ್ತು:

"ಅಯ್ಯೋ, ಲೇಬಲ್ ಇನ್ನೂ ಕಿತ್ತಿಲ್ವೇನೋ?"