ಮನೆಯಲ್ಲಿ ಯಾರೂ ವಕೀಲರಿಲ್ಲ, ಓದಿದ್ದು ಬಿಕಾಂ. ವ್ಯಾಪಾರದ ಕೇಸು ನಡೆಸುವ ವಕೀಲನಾಗಬಹುದಾ?

ಖಂಡಿತ ಆಗಬಹುದು. ನಾನೂ ಬಿಕಾಂ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದವನು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ 22 ವರ್ಷದಿಂದ ಇದೇ ಕೆಲಸ. ಅಪ್ಪ ದಾವಣಗೆರೆಯ ಮಂಡಿಯಲ್ಲಿ ಗುಮಾಸ್ತರು. ರಾತ್ರಿ ಊಟ ಆದ ಮೇಲೆ ಕಿರ್ದಿ ಪುಸ್ತಕ ಹರಡಿಕೊಂಡು ನನ್ನ ಕೈಲಿ ಲೆಕ್ಕ ಕೂಡಿಸುತ್ತಿದ್ದರು, ನಾಲ್ಕಾಣೆ ತಾಳೆಯಾಗದಿದ್ದರೂ ಮತ್ತೆ ಮೊದಲಿಂದ. ಈ ವೃತ್ತಿಗೆ ನಾನು ತಂದ ಆಸ್ತಿ ಅಂದ್ರೆ ಅದೇ.

ಮೊದಲ ಆರು ವರ್ಷ ಸೀನಿಯರ್ ಆಫೀಸಿನಲ್ಲಿ ಫೈಲ್ ಓದೋದು, ಡೇಟ್ ತಗೊಳ್ಳೋದು. ದುಡ್ಡು ಕಡಿಮೆ, ಅದಕ್ಕೆ ಸಿದ್ಧರಿರಿ.

ಒಂದು ಕೇಸು ಹೇಳ್ತೀನಿ. ನಮ್ಮ ಕಕ್ಷಿದಾರರದು ಪೀಣ್ಯದಲ್ಲಿ ರಟ್ಟಿನ ಡಬ್ಬಿ ಮಾಡುವ ಸಣ್ಣ ಕಾರ್ಖಾನೆ, 18 ಲಕ್ಷ ಬಾಕಿ. ಎದುರಿನವರು ಮಾಲೇ ಬಂದಿಲ್ಲ ಅಂದುಬಿಟ್ಟರು. ಮಾಲು ತಲುಪಿಸಿದ ನಮ್ಮ ಚಲನ್ ಮೇಲೆ ಇದ್ದದ್ದು ವಾಚ್‌ಮನ್‌ನ ಅರ್ಧ ಸಹಿ. ಕೋರ್ಟಿಗೆ ಅರ್ಜಿ ಹಾಕಿ ಅವರ ಖರೀದಿ ರಿಜಿಸ್ಟರ್ ತರಿಸಿದೆವು. ನೋಡಿದರೆ ಅದೇ ಬಿಲ್ಲುಗಳ ಮೇಲೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಅಂದ್ರೆ ಖರೀದಿಗೆ ಕಟ್ಟಿದ ತೆರಿಗೆಯ ವಜಾ, ತಗೊಂಡಿದ್ದಾರೆ! ಮಾಲು ಕೈಸೇರದೆ ಕ್ರೆಡಿಟ್ ತಗೊಳ್ಳೋ ಹಾಗಿಲ್ಲ, ಅಲ್ವಾ? ಕ್ರಾಸ್‌ನಲ್ಲಿ, ಅಂದ್ರೆ ಎದುರಿನವರ ಪಾಟೀಸವಾಲಿನಲ್ಲಿ, ನಾನು ಕೇಳಿದ್ದು ಇಷ್ಟೇ, 'ಈ ಬಿಲ್ ನಂಬರ್ ಜೋರಾಗಿ ಓದಿ.' ಅವರು ಕನ್ನಡಕ ಹಾಕಿಕೊಂಡರು, ಓದಿದರು, ನೀರು ಕೇಳಿದರು.

ಇಂಥ ವ್ಯಾಪಾರದ ಕೇಸುಗಳಿಗೆಂದೇ ಇರುವ ಕಮರ್ಷಿಯಲ್ ಕೋರ್ಟ್ ಕಾಯ್ದೆ 2015ರದು. ಆಗ ಒಂದು ಕೋಟಿಗಿಂತ ಕಡಿಮೆ ಮೊತ್ತದ ಕೇಸು ಇದರಡಿ ಬರುತ್ತಿರಲಿಲ್ಲ, 2018ರಲ್ಲಿ ಆ ಮಿತಿ 3 ಲಕ್ಷಕ್ಕಿಳಿಯಿತು. ಹಾಗಾಗಿ ಅಂಗಡಿಯವರ ಕೇಸೂ ಈಗ ಇಲ್ಲಿಗೇ ಬರುತ್ತೆ. ಸಮನ್ಸ್ ಮುಟ್ಟಿ 120 ದಿನ ದಾಟಿದರೆ ಪ್ರತಿವಾದಿಯ ಲಿಖಿತ ಉತ್ತರವನ್ನು ಕೋರ್ಟು ತಗೊಳ್ಳೋದಿಲ್ಲ. ತುರ್ತು ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು, 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ.

ಗೆದ್ದಿದ್ದಕ್ಕಿಂತ ನೆನಪಲ್ಲಿ ಉಳಿಯೋದು ಕೈಬಿಟ್ಟು ಹೋದ ಕೇಸು. ಮರದ ವ್ಯಾಪಾರಿಯೊಬ್ಬರು ಬಾಕಿಯ ಗಡುವು ಕಳೆದು ಮೂರು ವರ್ಷ ಎರಡು ತಿಂಗಳಾದ ಮೇಲೆ ಬಂದರು. 'ಸಂಬಂಧ ಕೆಡಬಾರದು ಅಂತ ಸುಮ್ನಿದ್ದೆ ಸಾರ್' ಅಂದರು. ದಾವೆ ಹಾಕುವ ಮೂರು ವರ್ಷದ ಕಾಲಮಿತಿ ದಾಟಿತ್ತು. ಅದನ್ನು ಮುಂದಕ್ಕೆ ಒಯ್ಯಲು ಬಾಕಿ ಒಪ್ಪಿಕೊಂಡ ಒಂದು ಸಾಲಿನ ಸಹಿ ಪತ್ರವೂ ಇರಲಿಲ್ಲ, ಕಂತಿನ ಹಣವೂ ಬಂದಿರಲಿಲ್ಲ. ನಾನೇನೂ ಮಾಡೋಕಾಗಲಿಲ್ಲ.

ಎಲ್‌ಎಲ್‌ಬಿ ಸೇರುವ ಮುಂಚೆ ಒಂದು ವಾರ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ಕ್ರಾಸ್ ನಡೆಯೋದನ್ನ ನೋಡಿ. ಜೊತೆಗೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಮರೀಬೇಡಿ.