ಚೆಕ್‌ರೋಲಿನ ಆ ಪುಟದಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ 140 ಪುಟಗಳನ್ನು ಎರಡು ಸಲ ಓದಿದೆ. ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ (ಒಬ್ಬರೊಳಗೇ ಬೇರೆ ಬೇರೆ ವ್ಯಕ್ತಿತ್ವಗಳು ಬಂದು ಹೋಗುವ ಕಾಯಿಲೆ) ಜೊತೆ ಕಳೆದ ವರ್ಷಗಳನ್ನು ಆತ್ಮಕಥೆಯಾಗಿ ಬರೆದು, 'ಇದು ಪುಸ್ತಕ ಆಗುತ್ತಾ, ಮುಲಾಜಿಲ್ಲದೆ ಹೇಳಿ' ಅಂತ ಕೇಳಿದ್ದೀರಿ. ಈಗ ಇರುವ ಹಾಗೆ ಆಗಲ್ಲ. ಆದರೆ 41ನೇ ಪುಟದಲ್ಲಿ ಒಂದು ಪುಸ್ತಕ ಶುರುವಾಗಿದೆ.

ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ಆರಂಭದ 30 ಪುಟ ಬರೀ ಕಾಯಿಲೆಯ ಪಾಠ. ಹಿಂದೆ ಮಲ್ಟಿಪಲ್ ಪರ್ಸನಾಲಿಟಿ ಡಿಸಾರ್ಡರ್ ಅನ್ನುತ್ತಿದ್ದರು, 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಹೆಸರು ಬದಲಾಯಿತು. ಇದಕ್ಕೆ ಎರಡು ಸಾಲು ಸಾಕು. 12ನೇ ಪುಟದಲ್ಲಿ 'ಒಂಥರಾ ಸ್ಕಿಜೋಫ್ರೇನಿಯಾ' ಅಂದಿದ್ದೀರಿ. ತಪ್ಪು. ಅವೆರಡೂ ಬೇರೆ ಬೇರೆ ಕಾಯಿಲೆ. ಬೇರೆ ಯಾರಾದರೂ ಹೀಗೆ ಬೆರೆಸಿ ಬರೆದರೆ ಸಿಟ್ಟಾಗಬೇಕಾದವರು ನೀವು, ಅಲ್ವಾ?

ಈಗ 41ನೇ ಪುಟ. ಕಾಫಿ ತೋಟದಲ್ಲಿ ನಿಮ್ಮದು ರೈಟರ್ ಕೆಲಸ, ಅಂದರೆ ಆಳುಗಳ ಲೆಕ್ಕ ಬರೆಯುವುದು. ರೊಬಸ್ಟಾ ಕೊಯ್ಲಿನ ಸಮಯ. ಶುಕ್ರವಾರ ಸಂಜೆ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ತೆರೆದರೆ ಗುರುವಾರದ ಹಾಜರಿ ಪೂರ್ತಿ ಬರೆದಾಗಿದೆ. ಯಾರು ಎಷ್ಟು ಕೆಜಿ ಕೊಯ್ದರು, ಯಾರಿಗೆ ಎಷ್ಟು ಅಡ್ವಾನ್ಸ್, ಎಲ್ಲ ಸರಿಯಾಗಿದೆ. ಅಕ್ಷರ ಮಾತ್ರ ನಿಮ್ಮದಲ್ಲ. ಎಡಕ್ಕೆ ವಾಲಿದ ಅಕ್ಷರ, ಪೆನ್ ಒತ್ತಿದ ರಭಸಕ್ಕೆ ಕೆಳಗಿನ ಹಾಳೆಗೂ ಅಚ್ಚು ಬಿದ್ದಿದೆ. ನಿಮಗೆ ಗುರುವಾರವೇ ನೆನಪಿಲ್ಲ. ಕೊಯ್ಲಿನ ಹೆಂಗಸೊಬ್ಬಳು 'ನಿನ್ನೆ ಎಷ್ಟು ನಗಾಡ್ತಿದ್ರಿ' ಅಂತಾಳೆ. ನೀವು ಹೂಂ ಅಂದು ಪುಸ್ತಕ ಮುಚ್ಚುತ್ತೀರಿ. ಇಷ್ಟು ಓದಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಮುಂದಿನ ಪುಟದಲ್ಲೇ ಅದನ್ನು ಕೆಡಿಸಿದ್ದೀರಿ. ಆ ಗುರುವಾರ ಏನೇನಾಯಿತು ಅಂತ ಮೂರು ಪುಟ, ಮಾತುಕತೆ ಸಮೇತ! ನೆನಪೇ ಇಲ್ಲದ ದಿನದ ಮಾತುಕತೆ ಎಲ್ಲಿಂದ ಬಂತು? ಮಾಮೂಲಿ ಮರೆವಿಗೆ ಸೇರದ ಈ ಖಾಲಿ ಜಾಗವೇ ನಿಮ್ಮ ಕಾಯಿಲೆಯ ಮುಖ್ಯ ಲಕ್ಷಣ. ಅದನ್ನು ಊಹೆಯಿಂದ ತುಂಬಬೇಡಿ. ಯಾರೋ ಹೇಳಿದ್ದಾದರೆ 'ಅವಳು ಹೇಳಿದ್ದು' ಅಂತಲೇ ಬರೆಯಿರಿ. ಜೇಬಲ್ಲಿ ಸಿಕ್ಕ ವಿರಾಜಪೇಟೆ ಬಸ್ ಟಿಕೆಟ್ ಇದ್ದರೆ ಟಿಕೆಟ್ ಅಷ್ಟೇ ತೋರಿಸಿ, ಪ್ರಯಾಣ ಕಟ್ಟಬೇಡಿ.

ಕಣ್ಣು ಕೆಂಪಾಗಿ ದನಿ ಗಡಸಾಗುವ ದೃಶ್ಯಗಳೂ ಬೇಡ. ಅವು ಸಿನಿಮಾದವು. ನೀವೇ ಇನ್ನೊಂದು ಕಡೆ ಸುಮ್ನೆ ಹೇಳಿ ಹೋಗಿದ್ದೀರಿ: ಮನೆಯವರಿಗೆ ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ, ಬೆಲ್ಲದ ಕಾಫಿ ಕುಡಿಯುವವಳು ಅವತ್ತು ಸಕ್ಕರೆ ಕೇಳಿದಳು ಅಷ್ಟೇ, ಅಂತ. ನನಗೆ ಆ ಸಕ್ಕರೆ ಬೇಕು.

ಅಜ್ಜಿಯ ಅಧ್ಯಾಯದಲ್ಲಿ ನನಗೆ ಜಗಳ ಇದೆ. 'ಮೈಮೇಲೆ ಬಂದಿದೆ' ಅಂತ ನಿಮ್ಮನ್ನು ತೆರೆಗೆ (ವೇಷ ಕಟ್ಟಿದವನ ಮೈಮೇಲೆ ದೈವ ಬರುವ ಆಚರಣೆಗೆ) ಕರೆದುಕೊಂಡು ಹೋದ ಅಜ್ಜಿಯನ್ನು ದಡ್ಡಿ ಮಾಡಿದ್ದೀರಿ. ಅವರಿಗೆ ಗೊತ್ತಿದ್ದ ಹೆಸರು ಅದೊಂದೇ. ತೆರೆ ಕಟ್ಟುವವನಿಗೆ ದಿನ ಗೊತ್ತಿರುತ್ತದೆ, ವೇಷ, ಚೆಂಡೆ ಇರುತ್ತದೆ, ಮುಗಿದ ಮೇಲೆ ಅವನು ಮನೆಗೆ ಹೋಗುತ್ತಾನೆ. ಊರು ಒಪ್ಪಿದ ಅಂಥ ಆಚರಣೆಯನ್ನು ವೈದ್ಯರೂ ಕಾಯಿಲೆ ಅನ್ನುವುದಿಲ್ಲ. ನಿಮ್ಮದು ದಿನ ಕೇಳಿ ಬರಲಿಲ್ಲ. ಈ ವ್ಯತ್ಯಾಸ ಬರೆದರೆ ಸಾಕು, ಅಜ್ಜಿಯನ್ನು ಬೈಯಬೇಕಾಗಿಲ್ಲ.

ಚಿಕ್ಕಂದಿನಲ್ಲಿ ಹಿಂಸೆ ಕೊಟ್ಟ ಬಂಧುವಿನ ಹೆಸರು ಬದಲಿಸಿದ್ದೀರಿ, ಆದರೆ ಒಕ್ಕದ (ಕೊಡವರ ಮನೆತನದ) ಹೆಸರು ಹಾಗೇ ಇದೆ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನ ಸುಮಾರು 5.5 ಲಕ್ಷ. ಒಕ್ಕ, ಐನ್‌ಮನೆ (ಮನೆತನದ ಮೂಲಮನೆ), ತೋಟದ ಗೇಟ್ ಹೇಳಿದರೆ ಮಡಿಕೇರಿಯಲ್ಲಿ ಕೂತವರೂ ಮನೆ ಗುರುತಿಸುತ್ತಾರೆ. ಅವನ ಜೊತೆ ನಿಮ್ಮನ್ನೂ. ಅಚ್ಚಿಗೆ ಹೋಗುವ ಮುಂಚೆ ಒಬ್ಬ ವಕೀಲರಿಗೆ ತೋರಿಸೋಣ. ಆ ಅಧ್ಯಾಯ ತಿದ್ದುವ ದಿನಗಳಲ್ಲಿ ನಿಮ್ಮ ಥೆರಪಿಸ್ಟ್‌ಗೂ ತಿಳಿಸಿರಿ, ಒಬ್ಬರೇ ಕೂತು ಬರೆಯಬೇಡಿ.

ಇನ್ನೊಂದು. ಟೈಪ್ ಮಾಡಿದ ಪ್ರತಿಯ ಜೊತೆ ಕೈಬರಹದ ಜೆರಾಕ್ಸ್ ಕೂಡ ಕಳಿಸಿದ್ದೀರಿ. ಅದರ 88ನೇ ಪುಟದ ಅಂಚಿನಲ್ಲಿ ಎಡಕ್ಕೆ ವಾಲಿದ ಅಕ್ಷರದಲ್ಲಿ 'ಇದು ನಿಂಗೆ ಗೊತ್ತಿಲ್ಲ, ಬರೀಬೇಡ' ಅಂತಿದೆ. ಟೈಪ್ ಮಾಡುವಾಗ ಬಿಟ್ಟಿದ್ದೀರಿ. ಬೇಕಂತಲೇ ಬಿಟ್ಟಿರಾ, ಕಾಣಲಿಲ್ಲವಾ? ಆ ಸಾಲು ಪುಸ್ತಕದಲ್ಲಿ ಇರಲಿ ಅಂತ ನನ್ನ ಆಸೆ, ಆದರೆ ಅದನ್ನು ಬರೆದವಳನ್ನು ಮೊದಲು ಕೇಳಿ. ಕೊಯ್ಲು ಮುಗಿದ ಮೇಲೆ 41ರಿಂದ ಮತ್ತೆ ಬರೆದು ಕಳಿಸಿ. ಮೂಲ ಪ್ರತಿ ನಿಮ್ಮಲ್ಲೇ ಇರಲಿ.